ಕಡಲ ಕಡೆಯ ದಿಂಬು

ಹೆಂಚಿನ ಹಣ ಮುಳುಗಿದ ಸಂಗತಿ ಯಾಸೊಕಿಚಿ ಮಾವನಿಗೆ ತಿಳಿದದ್ದು ಒಂದು ಸೋಮವಾರ, ಬೆಳಗಿನ ಗಂಜಿಯ ಹೊತ್ತಿಗೆ. ಪ್ರತಿ ತಿಂಗಳಿನಂತೆ ಒಂದಿಷ್ಟು ಸ್ವಿಸ್ ಫ್ರಾಂಕ್ ಕೊಳ್ಳೋಣವೆಂದು ಅವರು ಫೋನು ತೆರೆದರು. ತಾವು ಎಂದೂ ಹಾಕದ ಹದಿನೆಂಟು ಲಕ್ಷ ಯೆನ್ ತಮ್ಮ ಪುಟ್ಟ ಖಾತೆಗೆ ಬಂದು, ಕರಗಿ, ನಲವತ್ತು ಸಾವಿರವಾಗಿ ಉಳಿದಿತ್ತು. ಅದು ಬುದ್ಧಮಂದಿರದ ಮಾಡಿಗೆ ಹೊಸ ಹೆಂಚು ಹೊದಿಸಲು ಶಿನ್‌ಮಿನಾತೊ ಬಂದರಿನ ಮನೆಮನೆಯವರು ಕೊಟ್ಟ ಹಣ. ಅದನ್ನು ಕಾಯುವ ಹೊಣೆ ಅವರ ಅಕ್ಕನ ಮಗ ಶುಯಿಚಿಯದು.

ಮೀನಿನ ತಿನಿಸು ಮಾರುವ ಶುಯಿಚಿಗೆ ಐವತ್ತು ದಾಟಿತ್ತು. ಮಾವನಿಗೆ ಹೊತ್ತು ಹೋಗಲೆಂದು, ಹೊರದೇಶದ ಹಣ ಕೊಂಡು ಮಾರುವ ಆ ಖಾತೆ ತೆರೆದುಕೊಟ್ಟವನು ಅವನೇ. ಲೋಕಕ್ಕೆ ದಿಗಿಲಾದಾಗ ಹಣವೆಲ್ಲ ಯೆನ್ ಮತ್ತು ಫ್ರಾಂಕಿನ ಆಸರೆಗೆ ಓಡಿಬರುತ್ತದೆ ಎಂಬುದನ್ನು ಅವನು ಚೆನ್ನಾಗಿ ಕಲಿತಿದ್ದ. ದೂರದ ಸಮುದ್ರದಲ್ಲಿ ಎರಡು ದೇಶಗಳ ಯುದ್ಧದ ಹಡಗುಗಳು ಮುಖಾಮುಖಿ ನಿಂತಿದ್ದವು. ಕಾದಾಟ ಖಂಡಿತವೆಂದು ನಂಬಿ ಹೆಂಚಿನ ಹಣವನ್ನು ಮಾವನ ಖಾತೆಗೆ ಹಾಕಿ, ಅದರ ಇಪ್ಪತ್ತೈದು ಪಟ್ಟು ಸಾಲದ ಬಲದಲ್ಲಿ ಡಾಲರ್ ಮಾರಿ ಯೆನ್ ಕೊಂಡ. ಭಾನುವಾರ ಆ ದೇಶಗಳು ರಾಜಿಯಾದವು. ಸೋಮವಾರ ಹಣದ ಪೇಟೆ ತೆರೆದಾಗ ಯೆನ್ ಪಾತಾಳದಲ್ಲಿತ್ತು. ಲೋಕಕ್ಕೆ ಬಂದ ಶಾಂತಿಯೇ ಶುಯಿಚಿಯನ್ನು ಹಾಳುಮಾಡಿತ್ತು.

"ಮಂದಿರದ ಗುರುಗಳಿಗೆ ನೀನೇ ಹೇಳ್ತೀಯೋ, ನಾನು ಹೇಳಲೋ?" ಎಂದರು ಮಾವ.

"ಒಂದು ತಿಂಗಳು ಕೊಡಿ ಮಾವ. ಇನ್ನೆಲ್ಲಾದ್ರೂ ಗಲಾಟೆ ಎದ್ರೆ ಎಲ್ಲ ವಾಪಸ್ ಬರುತ್ತೆ."

"ನಮ್ಮ ಹೆಂಚಿಗೋಸ್ಕರ ಯಾರ ಊರಿಗೆ ಬೆಂಕಿ ಬೀಳ್ಲಿ ಅಂತ ಕಾಯ್ತಿದೀಯೋ? ಭಾನುವಾರ ಸಭೆ ಇದೆ. ಎಲ್ಲರ ಮುಂದೆ ಒಪ್ಕೊ. ನನ್ನ ದೋಣಿ ಮಾರಿ ಅರ್ಧ ನಾನೇ ತುಂಬ್ತೀನಿ."

ದೋಣಿಯ ಮಾತು ಶುಯಿಚಿಯ ಕಿವಿಗೆ ಬೀಳಲಿಲ್ಲ. ಎಲ್ಲರ ಮುಂದೆ ಎಂಬುದಷ್ಟೇ ಬಿತ್ತು. ಮೂವತ್ತು ವರ್ಷದಿಂದ ಈ ಮುದುಕ ತನ್ನನ್ನು ಮೂಗು ಸೋರುವ ಹುಡುಗನಂತೆಯೇ ಕಂಡಿದ್ದಾನೆ ಎನ್ನಿಸಿತು. ಮನೆಗೆ ನಡೆಯುವಾಗ ಇನ್ನೊಂದು ವಿಷಯ ಹೊಳೆಯಿತು. ಖಾತೆ ಇರುವುದು ಮಾವನ ಹೆಸರಿನಲ್ಲಿ. ಮಾವನಿಲ್ಲದಿದ್ದರೆ ಆ ನಷ್ಟವೂ ಮಾವನದೇ.

ಗುರುವಾರ ಬೆಳಗ್ಗೆ ಮಂದಿರದ ಅಂಗಳದಲ್ಲಿ ಗಿಂಕೊ ಮರದ ಎಲೆ ಗುಡಿಸುವ ಸರದಿ ಅವರ ಕೇರಿಯದು. ಶುಯಿಚಿ ಆ ದಿನವನ್ನೇ ಆರಿಸಿಕೊಂಡ. ಎಂಟು ಗಂಟೆಗೆ ಬಿಸಿ ತಿನಿಸಿನ ಪೊಟ್ಟಣ ಹಿಡಿದು ಮಾವನ ಮನೆಗೆ ಹೋದ. ಪ್ರಾರ್ಥನೆ ಮುಗಿಸಿದ ಮಾವ ತಿಂದು, ಚಹಾ ಕುಡಿದು, ಎಂದಿನಂತೆ ಕುಳಿತಲ್ಲೇ ತೂಕಡಿಸಿದರು. ಪಕ್ಕದಲ್ಲಿ ದಪ್ಪನೆಯ ಕೂರುವ ಮೆತ್ತೆ ಇತ್ತು. ಎಪ್ಪತ್ತೆಂಟು ವರ್ಷದ ಉಸಿರು ನಿಲ್ಲಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮುಂದಿನದನ್ನು ಅವನು ಮೂರು ದಿನ ಮನಸ್ಸಿನಲ್ಲಿ ತಿದ್ದಿ ತೀಡಿದ್ದ. ನಷ್ಟ ಕಂಡು ಎದೆ ಹಿಡಿದು, ಸ್ವಲ್ಪ ಮಲಗೋಣವೆಂದು ಹಾಸಿಗೆ ಬಿಚ್ಚಿದ ಮುದುಕ. ಅದೇ ಚಿತ್ರ ಕಾಣಬೇಕು. ಮೂಲೆಯಲ್ಲಿ ಮಡಿಸಿಟ್ಟಿದ್ದ ಹಾಸಿಗೆ ಬಿಡಿಸಿ, ದಿಂಬನ್ನು ಕಡಲ ಕಡೆಯ ಕಿಟಕಿಯ ಕೆಳಗಿಟ್ಟು, ಮಾವನನ್ನು ಮೆಲ್ಲನೆ ಮಲಗಿಸಿದ. ಮೈ ಬೇಗ ತಣ್ಣಗಾಗದಿರಲೆಂದು ಕಾಲ ಬಳಿ ಬಿಸಿನೀರಿನ ಚೀಲ ಇಟ್ಟ. ಸತ್ತವರಿಗೆ ಮಾಡುವ ಯಾವುದನ್ನೂ ಮಾಡದಂತೆ ಎಚ್ಚರ ವಹಿಸಿದ. ಕೈ ಜೋಡಿಸಲಿಲ್ಲ, ಒಂದು ತೋಳನ್ನು ಹೊದಿಕೆಯ ಹೊರಗೆ ಚಾಚಿದ. ಮುಖಕ್ಕೆ ಬಟ್ಟೆ ಮುಚ್ಚಲಿಲ್ಲ. ಊದುಬತ್ತಿ ಹಚ್ಚಲು ಹೋದ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡ. ಎರಡು ಲೋಟಗಳಲ್ಲಿ ಒಂದನ್ನು ತೊಳೆದಿಟ್ಟ. ಮಾವನ ಫೋನನ್ನು ಜೇಬಿಗೆ ಹಾಕಿಕೊಂಡ.

ಕೇರಿಯವರ ಜೊತೆ ಎಲೆ ಗುಡಿಸುತ್ತಿದ್ದವನು ಹತ್ತು ಗಂಟೆಗೆ ಮಂದಿರದ ಹಿಂದಿನ ಶೌಚಾಲಯಕ್ಕೆ ಹೋಗಿ ಫೋನಿಗೆ ನಾಲ್ಕು ಅಂಕಿ ಒತ್ತಿದ. ಅದು ಅತ್ತೆ ತೀರಿಕೊಂಡ ತಿಂಗಳು, ದಿನ. ಉಳಿದ ನಲವತ್ತು ಸಾವಿರ ಯೆನ್ನಿಗೆ ಫ್ರಾಂಕ್ ಕೊಂಡು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಬಂದು ನಷ್ಟಕ್ಕೇ ಮಾರಿದ. ಹತ್ತು ಇಪ್ಪತ್ತಕ್ಕೆ ಯಾಸೊಕಿಚಿ ಬದುಕಿದ್ದರೆಂದು ಇನ್ನು ಇಡೀ ಪೇಟೆಯೇ ಸಾಕ್ಷಿ. ಆ ಹೊತ್ತಿಗೆ ಶುಯಿಚಿ ಎಲ್ಲಿದ್ದನೆಂಬುದಕ್ಕೆ ಪೊರಕೆ ಹಿಡಿದ ಹನ್ನೊಂದು ಜನ ಸಾಕ್ಷಿ.

ಮಧ್ಯಾಹ್ನ ಅವನು ಮಾವನ ಪಕ್ಕದ ಮನೆಯ ತೊಮೆ ಅಜ್ಜಿಯನ್ನು ಕರೆದ. "ಮಾವ ಕೂಗಿದ್ರೆ ಓಗೊಡ್ತಿಲ್ಲ ಅಜ್ಜಿ."

"ಮತ್ತೆ ಆ ಫ್ರಾಂಕೋ ಪಾಂಕೋ ನೋಡ್ತಾ ಕಿವಿ ಕಳ್ಕೊಂಡು ಕೂತಿರ್ಬೇಕು. ಬಂದೆ ಇರು, ನನ್ನ ಮಂಡಿಗೂ ನಿನ್ನ ಮಾವನಷ್ಟೇ ವಯಸ್ಸು."

ಅಜ್ಜಿ ಹೊಸ್ತಿಲು ದಾಟುವಷ್ಟರಲ್ಲಿ ಫೋನು ದಿಂಬಿನ ಪಕ್ಕ ಸೇರಿತ್ತು.

ಶುಯಿಚಿ ಕರೆಸಿದ ಚೌಕಿಯ ಪೊಲೀಸ್ ಹಿರಾಕಿ ಬಂದು ಹೆಣದ ಪಕ್ಕ ಮಂಡಿಯೂರಿ ಕುಳಿತ. ಬಾಗಿಲಿನಿಂದಲೇ ಹೆಣ ಕಂಡ ಅಜ್ಜಿ ತನ್ನ ಜಪಮಾಲೆ ತರಲು ಮನೆಗೆ ಹೋಗಿದ್ದಳು. ಶುಯಿಚಿ ಅಂಕಿ ಹೇಳಿಕೊಟ್ಟು ಫೋನು ತೆರೆಸಿದ.

"ಹತ್ತು ಗಂಟೇಲೂ ವ್ಯಾಪಾರ ಮಾಡಿದಾರಲ್ಲ, ಪಾಪ. ಇಷ್ಟು ಹಣ ಎಲ್ಲಿಂದ ತಂದ್ರು?" ಎಂದ ಹಿರಾಕಿ.

ಶುಯಿಚಿ ತಲೆ ತಗ್ಗಿಸಿ, ತನ್ನ ವಶದಲ್ಲಿದ್ದ ಹೆಂಚಿನ ಹಣವನ್ನು ಮಾವನೇ ತೆಗೆದಿರಬೇಕೆಂದು ತಡವರಿಸುತ್ತ ಹೇಳಿದ. ಅವನ ಕಣ್ಣೀರು ನಿಜವಾದದ್ದೇ ಆಗಿತ್ತು.

"ನೀವು ಇವರನ್ನ ಮುಟ್ಟಿದ್ರಾ? ಹಾಸಿಗೆ ಸರಿಸಿದ್ರಾ?"

"ಇಲ್ಲ. ಹೇಗೆ ಮಲಗಿದ್ರೋ ಹಾಗೇ ಇದಾರೆ."

ಹಿರಾಕಿ ಅದನ್ನು ಬರೆದುಕೊಂಡು ಶುಯಿಚಿಯ ಸಹಿ ಹಾಕಿಸಿದ.

ಆ ಮಾತನ್ನು ಬಾಗಿಲಲ್ಲೇ ಕೇಳಿಸಿಕೊಂಡ ತೊಮೆ ಅಜ್ಜಿ ಜಪಮಾಲೆ ಹಿಡಿದು ಬಂದು ದಿಂಬಿನ ಬಳಿ ಕುಳಿತಳು. ಜಪಕ್ಕೆ ಬಾಯಿ ತೆರೆದವಳು ಕಿಟಕಿಯತ್ತ ತಲೆ ಎತ್ತಿದಳು. ಕಿಟಕಿಯಾಚೆ ಅಲೆಯ ಸದ್ದು ಕೇಳುತ್ತಿತ್ತು. "ಹೇಗೆ ಮಲಗಿದ್ರೋ ಹಾಗೇ ಅಂದ್ಯಾ ಶುಯಿಚಿ? ನಿನ್ನ ಮಾವ ಆಸ್ಪತ್ರೇಲೂ ಮಂಚ ತಿರುಗಿಸಿ ಅಂತ ನರ್ಸುಗಳ ಪ್ರಾಣ ತಿಂದವರು ಕಣೋ. ನಮ್ಮೂರ ಕಡಲು ಇರೋದು ಉತ್ತರಕ್ಕೆ. ಬದುಕಿರೋರು ಯಾರಾದ್ರೂ ಉತ್ತರಕ್ಕೆ ತಲೆ ಹಾಕ್ತಾರಾ? ಹಾಗೆ ಮಲಗ್ಸೋದು ಹೆಣಾನ. ಇವರು ಸತ್ತಿದಾರೆ ಅಂತ ಗೊತ್ತಿದ್ದೋರೇ ಈ ಹಾಸಿಗೆ ಹಾಸಿದಾರೆ." ಹಿರಾಕಿಯ ಲೇಖನಿ ನಿಂತಿತು. ಶುಯಿಚಿ ತನ್ನ ಎರಡು ಕೈಗಳನ್ನು ನೋಡಿಕೊಂಡ. ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಕೆಳಗೆ ಅವು ತೀರಿಕೊಂಡ ಅವನ ತಾಯಿಯನ್ನು ಮಲಗಿಸಿದ್ದವು, ಅತ್ತೆಯನ್ನು ಮಲಗಿಸಿದ್ದವು. ಈ ಬೆಳಗ್ಗೆಯೂ ಅವನನ್ನು ಕೇಳದೆ ತಮಗೆ ಗೊತ್ತಿದ್ದ ಮರ್ಯಾದೆಯನ್ನು ಸಲ್ಲಿಸಿದ್ದವು. ಅಜ್ಜಿ ಮತ್ತೆ ಅವನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ಮಣಿ ಎಣಿಸತೊಡಗಿದಳು. "ನಮು ಅಮಿದ ಬುತ್ಸು. ಅಮಿತಾಭನೇ, ಪಡುವಣದ ನಿನ್ನ ನಾಡಿನಲ್ಲಿ ಯಾಸೊಕಿಚಿಯ ಜೀವಕ್ಕೆ ಜಾಗ ಕೊಡು. ಅವರಿಗೆ ಶಾಂತಿ ಕೊಡು."