ಓಢಣಿಯ ಹಸಿರು ತುಂಡು

"ಹೆಣ್ಮಗಳ ಕೈಯಾಗ ನನ್ನ ಗಾಡಿ ಕೊಡಂಗಿಲ್ಲ!"

ಹುಮನಾಬಾದಿನ ಸಣ್ಣ ಗ್ಯಾರೇಜಿನ ಬಾಗಿಲಲ್ಲಿ ಮಹೆಬೂಬ ಗುಡುಗಿದ. ಕಲ್ಯಾಣದ ಅಂಗಡಿಗಳಿಗೆ ಔಷಧಿ ಒಯ್ಯುವ ಅವನ ಮೋಟರ್‌ಸೈಕಲ್ ದಾರಿಯಲ್ಲೇ ಕೆಟ್ಟು ನಿಂತಿತ್ತು.

"ಹಂಗಾದ್ರ ತಳ್ಕೊಂಡು ಹೋಗ್ರಿ," ಎಂದಳು ಅನ್ವರಿ, ತಲೆಯನ್ನೂ ಎತ್ತದೆ. "ಕಲ್ಯಾಣ ಏನ್ ದೂರಿಲ್ಲ!"

ತಂದೆ ಖಮರುದ್ದೀನರ ಕಣ್ಣಿಗೆ ಪೊರೆ ಬಂದ ಮೇಲೆ ಗ್ಯಾರೇಜಿನ ಕೆಲಸವೆಲ್ಲ ಅವಳದೇ. ಊರವರ ಬಾಯಿಗೆ ಹೆದರಿದ್ದ ಅವರು ಒಂದು ಮಾತು ಹೇಳಿಬಿಟ್ಟಿದ್ದರು: "ಒಂದು ತಕರಾರು ಬಂದ್ರೂ ಗ್ಯಾರೇಜ್ ಮಾರ್ತೀನಿ, ಬೇಟಿ."

ಮಹೆಬೂಬ ಸೋತು ಗಾಡಿ ಬಿಟ್ಟ. ಅವಳು ಪ್ಲಗ್ ಬಿಚ್ಚಿದಳು. ಸುಣ್ಣದಂತೆ ಬೆಳ್ಳಗಿತ್ತು.

"ಸಣ್ಣ ಜೆಟ್ ಹಾಕೀರಿ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ. ಇಂಜಿನ್ ಸುಡಾಕತ್ತದ!"

"ಲಡಾಯಿ ನಡದದ. ಪೆಟ್ರೋಲ್ ಕೂಪನ್ನಿಗೆ ಸಿಗ್ತದ. ಉಳಸಬೇಕಲ್ರಿ?"

"ಪೆಟ್ರೋಲ್ ಉಳೀತದ, ಇಂಜಿನ್ ಹೋಗ್ತದ! ಪ್ಲಗ್ ಬೆಲ್ಲದ ಬಣ್ಣಕ್ಕ ಬರಬೇಕು. ಅದು ಹದ."

ಪೆಟ್ರೋಲ್ ಹರಿಯುವ ಆ ಹಿತ್ತಾಳೆಯ ಪುಟ್ಟ ಜೆಟ್ ತೆಗೆದು, ಕೊಂಚ ದೊಡ್ಡ ತೂತಿನದನ್ನು ಕೂರಿಸಿದಳು. ಗಾಡಿ ಒಂದೇ ಒದೆತಕ್ಕೆ ಹೊರಟಿತು. ದಾರಿಯಲ್ಲಿ ತಾನೇ ರಿಪೇರಿಗೆ ಹೋಗಿ ಅವನ ಕೈಯೆಲ್ಲ ಗ್ರೀಸು... ತನ್ನ ಹಳೆಯ ಹಸಿರು ಓಢಣಿಯಿಂದ ಒಂದು ತುಂಡು ಹರಿದುಕೊಟ್ಟಳು. ಅವನು ಕೈ ಒರೆಸಿಕೊಂಡನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅವಳು ನೋಡಿದ್ದು ಅವನ ಕಣ್ಣು ಮಾತ್ರ!

ಮುಂದಿನ ವಾರ ಅವನು ಮತ್ತೆ ಬಂದ. ಹಿಂದೆ ಕರಿಹೊಗೆ!

"ತಪ್ಪು ತಿಳೀಬ್ಯಾಡ್ರಿ... ಗಾಡಿ ಪೆಟ್ರೋಲ್ ಭಾಳ ಕುಡಿಯಾಕತ್ತದ."

ಖಮರುದ್ದೀನರು ಕೋಲೂರುತ್ತ ಹೊರಬಂದರು. "ತಕರಾರು ಬಂತಲ್ಲ, ಬೇಟಿ?"

ಅನ್ವರಿ ತಟ್ಟನೆ ಗಾಡಿಯ ಬಳಿ ಕುಳಿತಳು. ಪ್ಲಗ್ ಬಿಚ್ಚಿದಳು. ಕಾಡಿಗೆಯಂತೆ ಕಪ್ಪು!

'ನಾನೇ ತೀರ ದೊಡ್ಡ ಜೆಟ್ ಹಾಕಿಬಿಟ್ಟೆನಾ...?'

"ಸಾಕು. ಪಾನಾ ಕೆಳಗಿಡು," ಎಂದು ಖಮರುದ್ದೀನರು ಅವಳ ಕೈಯ ಸ್ಪ್ಯಾನರ್ ಮೇಲೆ ಕೈಯಿಟ್ಟರು.

"ಇಡಂಗಿಲ್ಲ, ಅಬ್ಬಾ! ನಾ ಹಾಕಿದ ಜೆಟ್ ಬರೋಬರಿ ಅದ. ತಪ್ಪು ನಂದಾದ್ರ ನಾನೇ ಬೀಗ ಹಾಕ್ತೀನಿ!"

ಬಗ್ಗಿ, ಕಾರ್ಬುರೇಟರ್ ಗಾಳಿ ಎಳೆಯುವ ಬಾಯಿಯನ್ನು ನೋಡಿದಳು. ಅಲ್ಲೊಂದು ಬಟ್ಟೆ ಬಿಗಿಯಾಗಿ ಕಟ್ಟಿತ್ತು. ಹಸಿರು... ಅವಳ ಓಢಣಿಯದೇ!

"ಇದನ್ಯಾಕ ಕಟ್ಟೀರಿ? ಗಾಳಿ ಇಲ್ದ ಬರೇ ಪೆಟ್ರೋಲ್ ಒಳಗ ಹೋಗಾಕತ್ತದ!"

"ಕಲ್ಯಾಣದ ದಾರ್ಯಾಗ ಧೂಳ ಭಾಳ್ರಿ..."

"ಬ್ಯಾರೆ ಚಿಂದಿ ಇರಲಿಲ್ಲೇನು?"

ಮಹೆಬೂಬನ ಕಿವಿ ಕೆಂಪಾದವು. "ಇದ್ದವು. ಇದಾದ್ರ... ದಾರಿ ತುಂಬ ನೋಡ್ಕೋತ ಹೋಗಬಹುದಲ್ರಿ."

ಖಮರುದ್ದೀನರು ಕೆಮ್ಮಿದರು. ನಗು ಮುಚ್ಚಲು ಬಂದ ಕೆಮ್ಮು ಅದು. "ಇದು ಗ್ಯಾರೇಜಿನ ತಕರಾರಲ್ಲ ಬಿಡು," ಎಂದು ಒಳಗೆ ಹೋದರು.

ಅವಳ ಕಣ್ಣು ತುಂಬಿದವು. "ನಿಮ್ಮ ಹುಚ್ಚಿಗೆ ನನ್ನ ಗ್ಯಾರೇಜ್ ಹೋಗ್ತಿತ್ತು!"

"ತಪ್ಪಾಯ್ತು. ಈ ಶುಕ್ರವಾರ, ಜುಮ್ಮಾಕ, ಅಮ್ಮೀನ ಕರ್ಕೊಂಡು ಹೆಣ್ಣು ಕೇಳಾಕ ಬರ್ಲೇನು?"

"ನನ್ನ ಕೈ ಹಿಂಗೇ ಕರೀ ಇರ್ತಾವ. ಪಾನಾ ಬಿಡಂಗಿಲ್ಲ. ಮೊದಲ ಹೇಳ್ರಿ ಅವರಿಗೆ!"

"ಹೇಳೀನಿ."

"ಏನಂದ್ರು?" ಅವಳ ದನಿ ಇಳಿಯಿತು.

"ಮನ್ಯಾಗ ಹೊಲಿಗಿ ಮಷೀನ್ ಕೆಟ್ಟದ, ಅದನ್ನೂ ನೋಡ್ತಾಳೇನು ಕೇಳು ಅಂದ್ಲು."

ಅನ್ವರಿ ಅಳುತ್ತಲೇ ನಕ್ಕಳು. ಬಟ್ಟೆ ಬಿಚ್ಚಿ, ಜಾಡಿಸಿ, ಅವನ ಕೈಗಿಟ್ಟಳು.

"ಧೂಳಿಗೆ ಮುಖಕ್ಕ ಕಟ್ಕೋರಿ. ಗಾಡಿಗೆ ಗಾಳಿ ಬೇಕು."

"ಮತ್ತ ನನಗ... ಜವಾಬು?"

"ಜುಮ್ಮಾಕ ಬರ್ರಿ," ಎಂದಳು, ಪಾನಾ ಎತ್ತಿಕೊಳ್ಳುತ್ತ. "ಬರಾಗ ಮಷೀನ್ ಮರೀಬ್ಯಾಡ್ರಿ!"