ಕಡಲಬಾತುಗಳ ಪಾಸ್‌ವರ್ಡ್

"ನನ್ನ ಬಾತುಕೋಳಿಗಳನ್ನ ಎಲ್ಲಿ ಬಚ್ಚಿಟ್ಟಿದ್ದೀರಿ?"

ವೆಸ ತಲೆಯೆತ್ತಿದ. ಕಡಲತೀರದ ತುರ್ಕು ನಗರದ ಸಂಶೋಧನಾ ಕೇಂದ್ರವೊಂದರ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಬಾಗಿಲಲ್ಲಿ ನಿಂತಿದ್ದವಳು ಕಡಲಬಾತುಗಳ ಗೂಡು ಎಣಿಸುವ ಕೈಸು. ಕೋಪಕ್ಕೆ ಅವಳ ಕಿವಿಯ ತುದಿ ಕೆಂಪಾಗಿತ್ತು.

"ಬಚ್ಚಿಟ್ಟಿಲ್ಲ, ಬಾಗಿಲು ಹಾಕಿದ್ದೀನಿ. ನೀವು ಗೂಡುಗಳ ಲೆಕ್ಕ ಇಟ್ಟಿರೋ ನೋಟ್‌ಬುಕ್ ಸರ್ವರ್‌ಗೆ ಪಾಸ್‌ವರ್ಡೇ ಇರ್ಲಿಲ್ಲ. ದಾರೀಲಿ ಹೋಗೋರೆಲ್ಲ ಒಳಗೆ ಬಂದು ಕೋಡ್ ಓಡಿಸಬಹುದಿತ್ತು."

"ನಾಳೆ ದ್ವೀಪಕ್ಕೆ ಹೊರಟಿದ್ದೀನಿ, ಆರು ವಾರ. ಅಲ್ಲಿಂದ ಲೆಕ್ಕ ಮಾಡೋದು ಹೇಗೆ?"

"ಕೂತ್ಕೊಳ್ಳಿ. ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸಕ್ಕೆ ಮೂರು ಕಪ್ ಕಾಫಿ ಹಿಡಿಯಿತು. ಅವಳು ಪಾಸ್‌ವರ್ಡ್ ಹೊಡೆಯುವಾಗ ವೆಸ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿಕೊಂಡ. ಅವನು ಮತ್ತೆ ತಿರುಗುವ ಹೊತ್ತಿಗೆ ಪರದೆಯ ಮೇಲೆ ಅಕ್ಷರ, ಅಂಕಿಗಳ ಉದ್ದನೆಯ ಗೋಜಲು.

"ಇದು ಹ್ಯಾಶ್. ಸರ್ವರ್ ಇಟ್ಕೊಳ್ಳೋದು ಇದನ್ನ ಮಾತ್ರ. ಇದನ್ನ ಹಿಂದಕ್ಕೆ ಬಿಡಿಸಿ ನೀವು ಏನು ಬರೆದ್ರಿ ಅಂತ ಕಂಡುಹಿಡಿಯೋಕಾಗಲ್ಲ."

"ನಿಮಗೂ?"

"ನನಗೂ."

"ಪಾಪ," ಎಂದಳು ಕೈಸು, ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಕ್ಕು.

ಅವಳು ಹೋದ ಮೇಲೂ ಆ 'ಪಾಪ' ಕೋಣೆಯಲ್ಲೇ ಉಳಿಯಿತು. ಸರ್ವರ್ ನೆಪದಲ್ಲಿ ದಿನವೂ ಫೋನು ಶುರುವಾಯಿತು. ಒಮ್ಮೆ ಅವಳು ದ್ವೀಪದಿಂದ ಮಾಡಿದರೆ ಒಮ್ಮೆ ಅವನು. ಸರ್ವರ್ ಮಾತ್ರ ಒಂದು ದಿನವೂ ಕೆಡಲಿಲ್ಲ.

ಮೂರನೆಯ ವಾರ, ಗುರುವಾರ ಬೆಳಿಗ್ಗೆ.

"ವೆಸ, ಪಾಸ್‌ವರ್ಡ್ ಮರೆತೋಯ್ತು."

"ಹೊಸದು ಹಾಕ್ಕೊಡ್ತೀನಿ ಬಿಡಿ."

"ಬೇಡ, ಹಳೇದೇ ಬೇಕು. ಊಹೆ ಮಾಡಿ ಹೊಡೀರಿ. ನಾನೇ ಹೇಳ್ತಿದ್ದೀನಲ್ಲ."

ಅವಳ ನಾಯಿಯ ಹೆಸರು ಹೊಡೆದ. ತಪ್ಪು. ಅವಳಿಗೆ ಪ್ರಾಣವಾದ ಏಲಕ್ಕಿ ಬನ್ನು? ಅದೂ ತಪ್ಪು. ಅತ್ತ ಕಡಲಹಕ್ಕಿಗಳ ಗಲಾಟೆಯ ನಡುವೆ ಅವಳ ನಗು.

"ಮರೆತಿರೋರು ಹೀಗೆ ನಗ್ತಾರಾ?"

"ಸರಿ, ಒಂದು ಸುಳಿವು. ಒಟ್ಟು ಮೂರು ಪದ. ಮೊದಲನೇದು ನಿಮ್ಮ ಹೆಸರು. ನಡುವಿಂದು ನಾನೀಗ ಇರೋ ಜಾಗ. ಕೊನೇದರಲ್ಲಿ ನಿಮಗೆ ಮರ್ಯಾದೆ ಕೊಟ್ಟಿಲ್ಲ."

ವೆಸ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡ. ಒಂದೊಂದೇ ಅಕ್ಷರ ಒತ್ತಿದ: ವೆಸ ದ್ವೀಪಕ್ಕೆ ಬಾ.

ನೋಟ್‌ಬುಕ್ ತೆರೆದುಕೊಂಡಿತು. ಸಾಲು ಸಾಲು ಗೂಡುಗಳ ಲೆಕ್ಕ.

"ಕೈಸು, ಇದು... ಇದನ್ನ ಅವತ್ತೇ ಹಾಕಿದ್ದು."

"ಹೂಂ. ನೀವು ಪಾಪದವರ ಹಾಗೆ ಕಿಟಕಿ ನೋಡ್ತಾ ಕೂತಿದ್ರಿ. ಬೈಯೋಕೆ ಬಂದಿದ್ದೆ, ಕೈ ಬೇರೆ ಏನೋ ಬರೀತು." ದನಿ ತಗ್ಗಿತು. "ಏನಾದ್ರೂ ಹೇಳಿ."

"ಶನಿವಾರದ ದೋಣಿ ಎಷ್ಟು ಹೊತ್ತಿಗೆ ನಿನ್ನ ಹತ್ರ ತಲುಪತ್ತೆ?"

ಹಕ್ಕಿಗಳ ಗಲಾಟೆಯ ಮೇಲೆ ಅವಳ ದನಿ ಏರಿತು.

"ನಿನ್ನ ಅಂದ್ಯಾ?"

"ಅಂದೆ."

ಶನಿವಾರ ಅವಳು ದೋಣಿಕಟ್ಟೆಯ ತುದಿಯಲ್ಲೇ ನಿಂತಿದ್ದಳು, ಕೆದರಿದ ಜಡೆಯಲ್ಲಿ ಒಂದು ಬಾತಿನ ಪುಕ್ಕ. ದೋಣಿಯಲ್ಲಿ ಕೂತು ಉರುಹೊಡೆದಿದ್ದ ಮಾತೆಲ್ಲ ವೆಸನಿಗೆ ಮರೆತೇಹೋಯಿತು. ಪುಕ್ಕ ತೆಗೆಯಲೆಂದು ಚಾಚಿದ ಅವನ ಕೈಯನ್ನು ಅವಳು ನಡುವೆಯೇ ಹಿಡಿದುಕೊಂಡಳು.

"ರಬ್ಬರ್ ಬೂಟ್ ತಂದಿದ್ದೀಯಾ?"

"ಇಲ್ಲ."

"ಕಾಲು ಒದ್ದೆಯಾಗತ್ತೆ."

"ಆಗ್ಲಿ."

ಹತ್ತು ಹೆಜ್ಜೆಗೇ ಕಾಲು ಒದ್ದೆಯಾಯಿತು. ಪಾಚಿಯ ಮೇಲೆ ಜಾರಿದ್ದೂ ಆಯಿತು, ನಕ್ಕಿದ್ದೂ ಆಯಿತು. ಹಿಡಿದ ಕೈಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ.