ಷರಾ ಓದುವವನು

"ಅದನ್ನ ನಿಲ್ಲಿಸ್ಬೇಡಿ... ಪ್ಲೀಸ್."

ಬಾಗಿಲಿಂದ ಬಂದ ದನಿಗೆ, ಪರದೆ ಮೇಲಿನ ಒಂದು ಪ್ರೋಗ್ರಾಂ ನಿಲ್ಲಿಸಲು ಹೊರಟಿದ್ದ ಸುಕನ್ಯಳ ಬೆರಳು ಮೌಸ್ ಮೇಲೇ ನಿಂತಿತು.

ಬಂಗಾರಪೇಟೆ ಹೊರಗಿನ ಆ ಹಾಲಿನ ಚಿಲ್ಲಿಂಗ್ ಸೆಂಟರ್‌ನಲ್ಲಿ ಕಂಪ್ಯೂಟರ್ ಕೋಣೆಗೆ ಅವಳೊಬ್ಬಳೇ. ಒಂಬತ್ತು ದಿನದಿಂದ ಸರ್ವರ್ ಆಮೆ ನಡಿಗೆ. ಹೊರಗೆ ಹಾಲಿನ ಲೆಕ್ಕದ ಚೀಟಿಗೆ ಕಾದು ವ್ಯಾನುಗಳು ಸಾಲುಗಟ್ಟಿದ್ದವು.

"ಅಕ್ಕಾ, ಚೀಟಿ ಬತ್ತದಾ? ಇಲ್ಲಾ ಹಾಲು ಇಲ್ಲೇ ಒಡ್ದೋಗ್ಬೇಕಾ?" ಬೂದಿಕೋಟೆ ವ್ಯಾನಿನ ವೆಂಕಿ ಕೂಗಿದ.

"ನೀವ್ಯಾರು?" ಸುಕನ್ಯ ಬಾಗಿಲಲ್ಲಿದ್ದವನನ್ನು ಕೇಳಿದಳು.

"ಸೆಲ್ವರಾಜ್. ಪೇಟೆ ಆಫೀಸಲ್ಲಿ ಸರ್ವರ್ ನೋಡ್ಕೊಳ್ಳೋನು."

ಓಹೋ... ಇವನೇನಾ ಆ ಮಹಾನುಭಾವ!

ಮುಖ ಇವತ್ತೇ ಕಂಡಿದ್ದು, ಹೆಸರು ಮಾತ್ರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಯಾಕೆ ಅಂತೀರಾ? ಕೇಳಿ.

ಪ್ರತಿ ಸಂಜೆ ಕೆಲಸ ಮುಗಿದ ಮೇಲೆ ಕಂಪ್ಯೂಟರಿನ 'ಷರಾ' ಅನ್ನೋ ಟೇಬಲ್‌ನಲ್ಲಿ ಒಂದು ಸಾಲು ಬರೆಯೋದು ಎಲ್ಲ ಸೆಂಟರ್‌ಗಳ ರೂಢಿ. ಬೇರೆಯವರು 'ಏನಿಲ್ಲ' ಅಂತ ಹೊಡೆದು ಮನೆಗೆ ಹೋಗೋರು. ಇವಳಿಗೋ, ಅಮ್ಮ ತೀರಿಕೊಂಡ ಮೇಲೆ ಮಾತಾಡೋಕೆ ಒಂದು ನರಪಿಳ್ಳೆಯೂ ಇರಲಿಲ್ಲ.

'ಕರೆಂಟ್ ಮೂರು ಸಲ ಹೋಯಿತು. ಬೇತಮಂಗಲದ ಕಡೆ ಮೋಡ. ಅಮ್ಮನ ಹಸಿರು ಅಂಚಿನ ಸೀರೆ ಉಟ್ಟಿದ್ದೆ, ಯಾರೂ ಏನೂ ಹೇಳಲಿಲ್ಲ.'

ಎರಡು ವರ್ಷ ಹೀಗೇ ಬರೆದಳು. ಒಂಬತ್ತು ದಿನದ ಹಿಂದೆ ಪತ್ರ ಬಂತು... 'ಷರಾ ಯಾರೂ ಓದುವುದಿಲ್ಲ. ಇನ್ನು ಬರೆಯುವ ಅಗತ್ಯವಿಲ್ಲ.' ಕೆಳಗೆ ಸೆಲ್ವರಾಜನ ಸಹಿ.

ಯಾರೂ ಓದಲ್ಲ ಅಂತ ಗೊತ್ತಿರಲಿಲ್ವಾ ನಂಗೆ? ಆದ್ರೂ ಇಷ್ಟು ನೋಯಬೇಕಾ...

ಅವತ್ತೇ ಬರೆಯೋದು ನಿಲ್ಲಿಸಿದಳು. ಮಾಲೂರಿಗೆ ವರ್ಗ ಕೇಳಿ ಅರ್ಜಿಯನ್ನೂ ಬರೆದಿಟ್ಟಳು. ಇವತ್ತಿನ ಟಪಾಲಿಗೆ ಅದು ಹೋಗಬೇಕಿತ್ತು.

"ಬನ್ನಿ, ನೀವೇ ನೋಡಿ," ಸುಕನ್ಯ ಪರದೆ ತೋರಿಸಿದಳು. "ಸರ್ವರ್ ಏನೇನು ಮಾಡ್ತಿದೆ ಅಂತ ಪಟ್ಟಿ ತೆಗ್ದಿದ್ದೀನಿ. ಬೇರೆ ಪ್ರೊಸೆಸ್ಸೆಲ್ಲಾ ಬಂದು ಹೋಗ್ತವೆ. ಇದೊಂದು ಒಂಬತ್ತು ದಿನದಿಂದ ಜಪ್ಪಯ್ಯ ಅಂದ್ರೂ ಎದ್ದಿಲ್ಲ. ಅದೂ ನಿಮ್ಮ ಹೆಸರಲ್ಲಿ."

ಸೆಲ್ವರಾಜ್ ತಲೆ ತಗ್ಗಿಸಿದ.

ಯಾವ ಟೇಬಲನ್ನು ಎಷ್ಟು ಸಲ ಓದಿದ್ದಾರೆ ಅನ್ನೋ ಅಂಕಿ ಅಂಶವನ್ನೂ ಅವಳು ತೆಗೆದಳು. ಹಾಲಿನ ಟೇಬಲ್, ಕೆಲವು ಸಾವಿರ. ಷರಾ...

ಏಳೂವರೆ ಲಕ್ಷದ ಮೇಲೆ!

ಸೆಕೆಂಡಿಗೊಂದು ಸಲ. ಎಲ್ಲ ಸೆಂಟರ್‌ಗಳ ಹತ್ತು ವರ್ಷದ ಷರಾ, ಪ್ರತಿ ಸಲವೂ ಮೊದಲಿಂದ ಕೊನೆವರೆಗೆ. ಸರ್ವರ್ ಉಸಿರು ಕಟ್ಟದೆ ಇನ್ನೇನಾಗುತ್ತೆ?

"ಯಾರೂ ಓದಲ್ಲ ಅಂತ ಬರೆದೋರು ನೀವೇ ಅಲ್ವಾ?" ಅವಳು ಪರದೆಯಿಂದ ಕಣ್ಣೆತ್ತಿ ಕೇಳಿದಳು.

"ಅದು ಮೇಲಿನವರ ಪತ್ರ ರೀ. ಎಲ್ಲ ಸೆಂಟರ್‌ಗೂ ನನ್ನ ಸಹಿಯಲ್ಲಿ ಹೋಯ್ತು. ನೀವೂ ನಿಲ್ಲಿಸಿಬಿಡ್ತೀರ ಅಂತ ನಂಗೆ ಹೊಳೀಲೇ ಇಲ್ಲ..."

ಅವನು ಕರ್ಚೀಫಿನಿಂದ ಮುಖ ಒರೆಸಿಕೊಂಡ.

"ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ಮೇಲೆ ನಮ್ಮ ಲೈನ್ ಮನೆಗಳಲ್ಲಿ ಎಂಟಕ್ಕೆ ಬೀಗ. ಇರೋನು ನಾನೊಬ್ಬ. ಎರಡು ವರ್ಷದಿಂದ ನಿಮ್ಮ ಸಾಲು ಓದೇ ಊಟಕ್ಕೆ ಕೂರ್ತಿದ್ದೆ. ನೀವು ನಿಲ್ಲಿಸಿದ್ರಿ... ಹೊಸ ಸಾಲು ಬಂದ್ರೆ ನನ್ನ ಫೋನಿಗೆ ತಿಳೀಲಿ ಅಂತ ಒಂದು ಪ್ರೋಗ್ರಾಂ ಹಾಕ್ದೆ. ಗಂಟೆಗೊಂದ್ಸಲ ನೋಡು ಅಂತ ಬರೀಬೇಕಿತ್ತು. ತಡೀಲಾರ್ದೆ ಸೆಕೆಂಡಿಗೊಂದ್ಸಲ ಅಂತ ಬರೆದೆ. ಒಂದು ಸಾಲೂ ಬರ್ಲಿಲ್ಲ, ಅದಕ್ಕೇ ಇವತ್ತು ನಾನೇ ಹುಡುಕ್ಕೊಂಡು ಬಂದೆ."

ಸುಕನ್ಯ ಸೆರಗಿನ ಹಸಿರು ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಇವತ್ತು ಉಟ್ಟಿರೋದು ಅಮ್ಮನ ಸೀರೆ ಅಲ್ವಾ?" ಅವನು ಮೆಲ್ಲಗೆ ಕೇಳಿದ. "ಚೆನ್ನಾಗಿದೆ. ಅವತ್ತೇ ಹೇಳ್ಬೇಕಿತ್ತು."

ಅವಳ ಕಣ್ಣು ತುಂಬಿ ಬಂತು. ತುಂಬಾ ದಿನಗಳಾಗಿತ್ತು, ಅವಳ ಸೀರೆಯನ್ನ ಯಾರಾದರೂ ನೋಡಿ.

"ಈಗ... ಇದನ್ನ ನಿಲ್ಲಿಸ್ಲಾ?"

"ನಿಲ್ಲಿಸಿ. ನಾನೇ ಬಂದಿದ್ದೀನಲ್ಲ."

ಪ್ರೊಸೆಸ್ ನಿಂತಿತು. ಪ್ರಿಂಟರ್ ಕಟಕಟ ಅಂತ ಚೀಟಿ ಉದುರಿಸತೊಡಗಿತು. ಹೊರಗೆ ವೆಂಕಿ ಗಾಡಿ ಸ್ಟಾರ್ಟ್ ಮಾಡಿದ.

ಸುಕನ್ಯ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿದಳು. ಸಂಜೆವರೆಗೂ ಕಾಯಲಿಲ್ಲ. ಷರಾ ತೆರೆದು ಬರೆದಳು...

'ವರ್ಗ ಬೇಡ. ಇವತ್ತು ಡಬ್ಬಿ ಊಟಕ್ಕೆ ಇಬ್ಬರು.'

ಸೆಲ್ವರಾಜ್ ಬಗ್ಗಿ ಓದಿದ. ಮತ್ತೆ ಓದಿದ.

"ಇನ್ನೊಂದ್ಸಲ ಓದ್ಲಾ?"

"ಓದಿ..." ಅವಳು ಕಣ್ಣು ಒರೆಸಿಕೊಂಡಳು. "ಈ ಸಲ ಜೋರಾಗಿ ಓದಿ. ನಂಗೂ ಕೇಳಿಸ್ಲಿ."